ಕಿವಿ ಹಿಂಡುವ ದೀಪ

ನಾಚಿಕೆಯಾದಾಗ ಕಿವಿ ಬಿಸಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಿವಿಯನ್ನು ಮೊದಲೇ ಬಿಸಿ ಮಾಡಿಟ್ಟರೆ ನಾಚಿಕೆ ತಾನಾಗಿ ಅದರ ಹಿಂದೆ ಬರುತ್ತದೆಯೇ ಎಂದು ಕೇಳಿದವಳು ಡಾಕ್ಟರ್ ಶಾಲ್ಮಲಾ ಇಟಗಿ ಒಬ್ಬಳೇ. ಪ್ರಶ್ನೆ ಹೊಳೆದದ್ದು ಪ್ರಯೋಗಾಲಯದಲ್ಲಲ್ಲ, ವಿಮಾನ ಹತ್ತುವ ಬಾಗಿಲಲ್ಲಿ. ಸಫಾರಿ ತೊಟ್ಟ ಗೃಹಸ್ಥರೊಬ್ಬರು ಅವಳ ಪಾದದ ಮೇಲೆ ಸೂಟ್‌ಕೇಸಿನ ಗಾಲಿ ಹರಿಸಿ, "ತುಸು ಸರೀರಿ" ಎಂದು ಅವಳಿಗೇ ಗದರಿಸಿ ಮುಂದೆ ಹೋದರು. ಶರೀರಶಾಸ್ತ್ರ ಓದಿದವಳಾದ್ದರಿಂದ ಶಾಲ್ಮಲಾ ತನ್ನ ಕಾಲು ನೋಡಿಕೊಳ್ಳುವ ಮೊದಲು ಅವರ ಕಿವಿ ನೋಡಿದಳು. ತಣ್ಣಗೆ, ಗೋದಿ ಬಣ್ಣದಲ್ಲಿ, ಯಾವ ಪಶ್ಚಾತ್ತಾಪವೂ ಇಲ್ಲದೆ ಆ ಕಿವಿಗಳು ತಮ್ಮ ಜಾಗದಲ್ಲಿದ್ದವು.

ಆ ಹೊತ್ತಿಗೆ ಜಿಲ್ಲೆಗೆರಡರಂತೆ ವಿಮಾನ ನಿಲ್ದಾಣಗಳಾಗಿದ್ದವು. ಬಸ್ಸಿನಲ್ಲಿ ಓಡಾಡುತ್ತಿದ್ದವರು ವಿಮಾನದಲ್ಲಿ ಓಡಾಡತೊಡಗಿದ್ದರು. ಬರುವಾಗ ಬಸ್ಸಿನ ರೂಢಿಗಳನ್ನೂ ಜೊತೆಗೆ ತಂದಿದ್ದರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯೊಂದು ಮಾತ್ರ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ವಿಮಾನದ ಕಿಟಕಿ ತೆರೆಯುವುದಿಲ್ಲ. ಸೀಟಿಗೆ ನಂಬರಿದೆ, ಮೊದಲು ಹತ್ತಿದವನಿಗೂ ಕೊನೆಗೆ ಹತ್ತಿದವನಿಗೂ ಅದೇ ಸೀಟು, ಅದೇ ಆಕಾಶ. ಆದರೂ ಬಾಗಿಲು ತೆರೆಯಿತೆಂದರೆ ಮೊಣಕೈಗಳು ಏಳುತ್ತಿದ್ದವು. ಕೌಂಟರಿನ ಹುಡುಗಿಯರು ಬೈಗುಳ ತಿನ್ನುತ್ತಿದ್ದರು. ಒಂದು ಕಡೆ ಒಬ್ಬಳ ಕನ್ನಡಕ ಒಡೆಯಿತು, ಇನ್ನೊಂದು ಕಡೆ ಗಗನಸಖಿಯೊಬ್ಬಳ ಹಲ್ಲು. ದಂಡ ಹಾಕಿದರು, ದಂಡ ಕೊಟ್ಟವರು ಮುಂದಿನ ಸಲ ಇನ್ನೂ ಹಕ್ಕಿನಿಂದ ನುಗ್ಗಿದರು.

ಶಾಲ್ಮಲಾಳ ದೀಪ ಹುಟ್ಟಿದ್ದು ಇಂಥ ಕಾಲದಲ್ಲಿ. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು 'ಸೌಜನ್ಯ'. ಸರಳವಾಗಿ ಹೇಳುವುದಾದರೆ, ಚಾವಣಿಯಲ್ಲಿ ಕೂತು ಕಣ್ಣಿಗೆ ಕಾಣದ ಶಾಖವನ್ನು ಒಬ್ಬನೇ ಒಬ್ಬ ಮನುಷ್ಯನ ಕಿವಿ, ಕೆನ್ನೆಗಳಿಗೆ ಗುರಿಯಿಟ್ಟು ಬಿಡುವ ದೀಪ. ಸುಡುವುದಿಲ್ಲ. ಎಲ್ಲಿಂದ ಬಂತೆಂದು ತಿಳಿಯುವುದೂ ಇಲ್ಲ. ಆದರೆ ಕಿವಿ ಬಿಸಿಯಾದದ್ದು ಮಿದುಳಿಗೆ ತಲುಪುತ್ತದೆ. ಮಿದುಳು ಕಾರಣವಿಲ್ಲದ ಕೆಲಸವನ್ನು ಒಪ್ಪದ ಗುಮಾಸ್ತ; ಕಿವಿ ಯಾಕೆ ಬಿಸಿಯಾಯಿತೆಂದು ಹುಡುಕುತ್ತದೆ. ಪಾಳಿ, ಅಂದರೆ ಸರತಿಯ ಸಾಲು, ಮುರಿದು ನುಗ್ಗುತ್ತಿರುವವನಿಗೆ ಕಾರಣ ಕೈಯಳತೆಯಲ್ಲೇ ಸಿಗುತ್ತದೆ. ಅವನು ತಲೆ ತಗ್ಗಿಸಿ ಹಿಂದೆ ಸರಿಯುತ್ತಾನೆ. ಪೊಲೀಸರಿಲ್ಲ, ದಂಡವಿಲ್ಲ, ಗದ್ದಲವಿಲ್ಲ. ಯಾರ ಕಿವಿ ಬಿಸಿಮಾಡಬೇಕೆಂದು ಕ್ಯಾಮೆರಾಗಳು ಹೇಳುತ್ತವೆ: ಪಾಳಿ ಯಾರ ಸುತ್ತ ಉಬ್ಬುತ್ತದೋ, ಯಾರ ಹತ್ತಿರ ಜನ ನಡುವೆ ತೂರಿಕೊಳ್ಳುತ್ತಾರೋ, ಅವರು ಗೊಂದಲದ ಬೇರು. ದೇಶವಿದೇಶಗಳ ದೊಡ್ಡ ನಿಲ್ದಾಣಗಳ ಚಿತ್ರಗಳನ್ನು ತೋರಿಸಿ ತೋರಿಸಿ ಯಂತ್ರಕ್ಕೆ ಈ ಬೇರು ಗುರುತಿಸುವುದನ್ನು ಕಲಿಸಿದ್ದರು.

ಮೊದಲ ಮಾದರಿಯನ್ನು ಶಾಲ್ಮಲಾ ಮನೆಗೆ ತಂದು ಊಟದ ಮೇಜಿನ ಮೇಲೆ ನೇತುಹಾಕಿದಳು. ಗಂಡ ವಿರೂಪಾಕ್ಷ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ನಿರುಪದ್ರವಿ. ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿ ಕಿವಿ ಸವರಿಕೊಂಡ.

"ಶಾಲೂ, ಒಂದ ಮಾತ ಹೇಳ್ಳಿ?"

"ಹೇಳ್ರಿ."

"ನಿನ್ನ ತಮ್ಮನ ಲಗ್ನಕ್ಕ ನನಗ ಹೊಟ್ಟಿನೋವು ಬಂದಿತ್ತಲ್ಲ... ಅದು ಬಂದಿರಲಿಲ್ಲ."

ಪಡಸಾಲೆಯಲ್ಲಿ ಕೂತಿದ್ದ ಅತ್ತೆ ನೀಲಾಂಬಿಕೆಯವರು, "ಗೊತ್ತಿತ್ತು. ಅವತ್ತ ಏಳ ಇಡ್ಲಿ ತಿಂದಿ" ಎಂದರು.

ಶಾಲ್ಮಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪ್ರಯೋಗ ಗೆದ್ದಿತೆಂದುಕೊಂಡಳು. ಆದರೆ ರೊಟ್ಟಿ ಮುರಿಯುವುದರಲ್ಲಿ ನಾಚುವಂಥದ್ದೇನೂ ಇರಲಿಲ್ಲ. ತಪ್ಪು ಹತ್ತಿರದಲ್ಲಿ ಸಿಗದಿದ್ದಾಗ ಮಿದುಳು ಸುಮ್ಮನಾಗದೆ ನೆಲ ಅಗೆಯಲು ಹೊರಡುತ್ತದೆ ಎಂಬುದು ಅವತ್ತೇ ಆ ಮೇಜಿನ ಮೇಲೆ, ಝುಣಕದ ಬಟ್ಟಲಿನ ಪಕ್ಕದಲ್ಲಿ ಬಿದ್ದಿತ್ತು. ಅವಳು ನೋಡಲಿಲ್ಲ. ಗೆದ್ದವರಿಗೆ ದೃಷ್ಟಿ ಸ್ವಲ್ಪ ಕಡಿಮೆ.

ದೀಪವನ್ನು ಮೊದಲು ಹಾಕಿದ್ದು ಕರಿಮಟ್ಟಿ ನಿಲ್ದಾಣದಲ್ಲಿ. ಶಾಲ್ಮಲಾ ಹುಟ್ಟಿ ಬೆಳೆದ ಊರೇ ಅದು. ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಊರಿಗೆ ಗುಟ್ಟು ತಿಳಿಯಿತು. ಜನ ಅದಕ್ಕೆ 'ಕಿವಿ ಹಿಂಡೂ ದೀಪ' ಎಂದು ಹೆಸರಿಟ್ಟರು. ಕಿವಿ ಮುಚ್ಚಿದರೆ ಶಾಖ ತಾಗುವುದಿಲ್ಲ ಎಂಬುದನ್ನು ಮೊದಲು ಕಂಡುಹಿಡಿದವರು, ಸಹಜವಾಗಿಯೇ, ಅದು ಪದೇ ಪದೇ ತಾಗಿದವರು. ಮೇ ತಿಂಗಳ ಬಿಸಿಲಿನಲ್ಲಿ ಮಫ್ಲರು, ಮಂಕಿಕ್ಯಾಪುಗಳು ಕಾಣಿಸಿಕೊಂಡವು. ನಿಲ್ದಾಣದ ಹೊರಗೆ ಗಾಡಿಯವನೊಬ್ಬ, "ಏರ್‌ಪೋರ್ಟ್ ಟೊಪ್ಪಿಗಿ! ಏರ್‌ಪೋರ್ಟ್ ಟೊಪ್ಪಿಗಿ!" ಎಂದು ಕೂಗಿ ಮಾರುತ್ತಿದ್ದ. ಶಾಲ್ಮಲಾ ಇದನ್ನು ವರದಿಯಲ್ಲಿ 'ಋತುಮಾನಕ್ಕೆ ಹೊಂದದ ಉಡುಪು' ಎಂದು ಬರೆದು ಮುಂದೆ ಹೋದಳು.

ಕೊನೆಯ ಪರೀಕ್ಷೆಯ ದಿನ ಬಂತು. ಅದು ದಾಟಿದರೆ ನಾಡಿನ ಎಲ್ಲ ನಿಲ್ದಾಣಗಳಿಗೂ ದೀಪ. ಬೆಂಗಳೂರಿನಿಂದ ಸಮಿತಿ ಇಳಿದಿತ್ತು. ವಿಮಾನ ಹತ್ತುವ ಬಾಗಿಲ ಮೇಲಿನ ಗಾಜಿನ ಕೋಣೆಯಲ್ಲಿ ಅವರನ್ನು ಕೂರಿಸಿ, ಗಿರಮಿಟ್ಟು, ಮಿರ್ಚಿ ಭಜಿ ಕೊಟ್ಟಿದ್ದರು. ಅಧ್ಯಕ್ಷ ಪದ್ಮನಾಭ ಅವರು ಎರಡನೆಯ ಮಿರ್ಚಿಯಲ್ಲಿದ್ದರು. ಅವರ ಕಿವಿಯೂ ಕೆಂಪಾಗಿತ್ತು, ಮೆಣಸಿನಕಾಯಿಯಿಂದ.

"ಏನ್ರೀ ಖಾರ ಇದು! ಇದನ್ನೇ ಪ್ಯಾಸೆಂಜರ್‌ಗಳಿಗೆ ಕೊಟ್ಟಿದ್ರೆ ಸಾಕಾಗ್ತಿತ್ತಲ್ರೀ, ದೀಪ ಯಾಕೆ?" ಎಂದರು. ಎಲ್ಲರೂ ನಕ್ಕರು. ಅಧ್ಯಕ್ಷರು ಹೇಳಿದ್ದಕ್ಕೆ ನಗುವುದಕ್ಕೆ ಯಾವ ದೀಪವೂ ಬೇಕಿಲ್ಲ.

ಪರದೆಯ ಮೇಲೆ ಪ್ರತಿ ಪ್ರಯಾಣಿಕನೂ ಒಂದು ಚುಕ್ಕೆ. ಹಸಿರಾದರೆ ಸಭ್ಯ, ಹಳದಿಯಾದರೆ ಸಂದೇಹ, ಕೆಂಪಾದರೆ ದೀಪ. ಯಂತ್ರ ನೋಡಿಕೊಳ್ಳುತ್ತಿದ್ದ ಮೌಲಾಲಿ ಕೆಳಗಿನ ಮೈಕನ್ನು ಜೋರು ಮಾಡಿದ. ಪುಣೆಯ ವಿಮಾನಕ್ಕೆ ಇನ್ನೂ ಕರೆ ಬಂದಿರಲಿಲ್ಲ. ಆದರೂ ಪಾಳಿಯ ತುದಿಯಲ್ಲಿ ಒಬ್ಬ ಹೆಂಗಸು ಆಗಲೇ ನಿಂತಿದ್ದಳು. ಅರವತ್ತರ ಹತ್ತಿರದ ವಯಸ್ಸು, ದಪ್ಪ ಮೈ, ಹಣೆಯಲ್ಲಿ ವಿಭೂತಿ, ಎದೆಗವಚಿಕೊಂಡ ಒಂದು ಬಟ್ಟೆಯ ಗಂಟು. ಅತ್ತು ಕಣ್ಣು ಊದಿತ್ತು. ಆದರೆ ದನಿ ಊದಿರಲಿಲ್ಲ.

"ಯಕ್ಕಾ, ಎಲ್ಲಿಗೆ ಹೊಂಟೀರಿ?" ಎಂದು ಮಗು ಎತ್ತಿಕೊಂಡ ಒಬ್ಬಳು ಕೇಳಿದಳು.

"ತಂಗಿ ಮಣ್ಣಿಗೆ ಹೊಂಟೇನವ್ವಾ. ನಿನ್ನೆ ರಾತ್ರಿ ತೀರ್ಕೊಂಡ್ಳು, ದಾನವ್ವ. ತವರು ಸೀರಿ ಹೊಚ್ಚಬೇಕಲ್ಲ, ತವರಾಗ ಉಳಿದಾಕಿ ನಾ ಒಬ್ಬಾಕಿನ. ನಾ ಹೋಗೂತನಕ ಎತ್ತಬ್ಯಾಡ್ರಿ ಅಂದೇನಿ." ಗಂಟನ್ನು ಒಮ್ಮೆ ತಟ್ಟಿದಳು. "ಆಕಿ ಮಗ ಇಮಾನ ತಿಕೀಟು ತಗದು ಕಳಿಸ್ಯಾನ. ಮಧ್ಯಾಹ್ನಕ್ಕ ಮಣ್ಣು."

"ಅಯ್ಯ ಶಿವನ..."

"ಇರ್ಲಿ ಬಿಡು. ಕೂಸಿಗೆ ಬಾಯಿ ಒಣಗೈತಿ ನೋಡು, ನೀರು ಕುಡಿಸ್ಕೊಂಡ ಬಾ. ಚೀಲ ಇಲ್ಲಿ ನಿಲ್ಲಸು. ನಿನ್ನ ಪಾಳಿ ನಾ ಹಿಡೀತೇನಿ."

ಅವಳು ಕರಿಮಟ್ಟಿ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಫಕೀರವ್ವ. ಮಧ್ಯಾಹ್ನದ ಹೊತ್ತು ಹಸಿದು ಬಂದವರನ್ನು ಒಬ್ಬೊಬ್ಬರಾಗಿ ಕೂರಿಸಿ ಎಬ್ಬಿಸಿ ರೂಢಿಯಾದ ಕೈ ಅದು; ದುಃಖದಲ್ಲೂ ಸುಮ್ಮನಿರಲಿಲ್ಲ. ನೋಡುತ್ತಿದ್ದಂತೆ ಅವಳ ಹಿಂದೆ ಮನುಷ್ಯರ ಬದಲು ಚೀಲಗಳು ಸಾಲಾಗಿ ನಿಂತವು. ನೀಲಿ ಚೀಲ ಚಹಾ ಕುಡಿಯಲು ಹೋದ ಅಜ್ಜನದು, ಕೆಂಪು ಚೀಲ ಕೂಸಿನ ತಾಯಿಯದು, ಮಡಿಸಿಟ್ಟ ಟವೆಲ್ಲು ಪಾಯಖಾನೆಗೆ ಹೋದ ಮಾಸ್ತರನದು. "ನೆಪ್ಪಿಟ್ಕೋರಿ, ನಿಮ್ಮ ಮುಂದ ನೀಲಿ ಚೀಲ" ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸುತ್ತಿದ್ದಳು. ಚೀಲಗಳ ಹಿಂದೆ ಇನ್ನಷ್ಟು ಜನ ಬಂದು ನಿಂತರು.

ಕರೆ ಬಂತು. ಹೋದವರೆಲ್ಲ ಓಡಿಬಂದು ತಮ್ಮ ತಮ್ಮ ಚೀಲದ ಪಕ್ಕ ತೂರಿಕೊಂಡರು. ಹಿಂದಿನವರಿಗೆ ಕಂಡದ್ದು ಇಷ್ಟೇ: ಎಲ್ಲಿಂದಲೋ ಬಂದ ಜನ ನಡುವೆ ನುಗ್ಗುತ್ತಿದ್ದಾರೆ.

"ಏ, ಯಾರ್ರೀ ಅವರು, ನಡುವ ಹೊಕ್ಕೋರು?"

ಈ ಸಂದಿಗಾಗಿಯೇ ಕಾಯುತ್ತಿದ್ದ ಒಬ್ಬರು ಕೊನೆಯಿಂದ ಎದ್ದು, ಎರಡೂ ಕೈಗಳಿಂದ ಜನರನ್ನು ಜೋಳದ ದಂಟಿನಂತೆ ಸರಿಸುತ್ತ ಮುಂದೆ ಬಂದರು. ಖಡಿ, ಅಂದರೆ ಜಲ್ಲಿಕಲ್ಲು, ಹಾಕಿಸುವ ಗುತ್ತೇದಾರ ಅಂದಾನೆಪ್ಪ. ಆ ಸೆಕೆಯಲ್ಲಿ ಕಿವಿ, ಕೆನ್ನೆಗಳ ಮೇಲೆ ಎರಡು ಸುತ್ತು ಉಣ್ಣೆಯ ಮಫ್ಲರು. ಕೌಂಟರಿನ ಹುಡುಗಿ, "ಸರ್, ನಿಮ್ಮ ಗುಂಪು ಆಮೇಲೆ" ಎಂದದ್ದಕ್ಕೆ ಬೆರಳು ತೋರಿಸಿ ಗುಡುಗಿದರು:

"ನಾ ಯಾರಂತ ಗೊತ್ತೈತೇನು? ಈ ರನ್‌ವೇಕ್ಕ ಖಡಿ ಹಾಕಿದಾವ ನಾನು!"

"ಖಡಿ ಹಾಕಿದ್ರ ಖಡಿ ಮ್ಯಾಲ ಹೋಗಿ ನಿಂದರಪಾ," ಎಂದಳು ಫಕೀರವ್ವ. "ಇದು ಪಾಳಿ."

ಪಾಳಿಯೆಲ್ಲ ಗೊಳ್ಳೆಂದಿತು. ಗಾಜಿನ ಕೋಣೆಯಲ್ಲೂ ಮೌಲಾಲಿ ಮುಖ ತಿರುಗಿಸಿ ನಕ್ಕ. ಪರದೆ ಮಾತ್ರ ನಗಲಿಲ್ಲ. ಜನ ಯಾರ ಸುತ್ತ ತೂರಿಕೊಂಡರು? ಅವಳ ಸುತ್ತ. ಪಾಳಿ ಎಲ್ಲಿ ಉಬ್ಬಿತು? ಅವಳ ಹಿಂದೆ. ಜೋರು ದನಿ ಎಲ್ಲಿಂದ ಬಂತು? ಫಕೀರವ್ವನ ಚುಕ್ಕೆ ಹಳದಿಯಾಯಿತು, ಕೆಂಪಾಯಿತು. ಅಂದಾನೆಪ್ಪನವರ ಚುಕ್ಕೆಯೂ ಕೆಂಪಾಗಿತ್ತು. ಅವರಿಗೂ ದೀಪ ಹತ್ತಿತು, ಮಫ್ಲರಿಗೆ ತಾಗಿ ಅಲ್ಲೇ ಮುಗಿಯಿತು.

ಶಾಖ ತಾಗಿದ ಮೊದಲ ಸಲಕ್ಕೆ ಫಕೀರವ್ವ ಸೆರಗು ಸರಿಮಾಡಿಕೊಂಡು ಕಿವಿ ಉಜ್ಜಿಕೊಂಡಳು. ಎರಡನೆಯ ಸಲಕ್ಕೆ, "ಕೂಸಿನಾಕಿ, ನೀ ಮುಂದ..." ಎಂದವಳು ಮಾತು ಅರ್ಧಕ್ಕೆ ಬಿಟ್ಟಳು. ಯಾರೋ ಹೆಸರು ಹಿಡಿದು ಕರೆದಂತೆ ಅತ್ತಿತ್ತ ನೋಡಿದಳು. ಮೂರನೆಯ ಸಲಕ್ಕೆ ಅವಳ ಹೆಗಲು ಇಳಿಯಿತು. ಕೈಯಲ್ಲಿದ್ದ ಗಂಟನ್ನು ಹೊಸದಾಗಿ ಕಂಡವಳಂತೆ ದಿಟ್ಟಿಸಿದಳು. ಆಮೇಲೆ ಪಾಳಿಯಿಂದ ಪಕ್ಕಕ್ಕೆ ಸರಿದು, "ನೀವು ಹೋಗ್ರಿ" ಎಂದು ಯಾರಿಗೆಂದೂ ಇಲ್ಲದೆ ಹೇಳಿ, ಬಂದ ದಾರಿಯಲ್ಲೇ ನಡೆದುಹೋದಳು.

ಅವಳು ಹೋದದ್ದೇ ಜಗಳಕ್ಕೆ ಮಾತಿಲ್ಲದಂತಾಯಿತು. ಅಂದಾನೆಪ್ಪ ಮೊದಲಿಗರಾಗಿ ವಿಮಾನ ಹತ್ತಿದರು. ಉಳಿದವರು ಮೌನವಾಗಿ ಹಿಂದೆ ನಡೆದರು. ಪರದೆಯ ತುಂಬ ಹಸಿರು.

ಸಮಿತಿ ಚಪ್ಪಾಳೆ ತಟ್ಟಿತು.

"ಅದ್ಭುತ ಕಣ್ರೀ ಡಾಕ್ಟರೇ!" ಎಂದರು ಪದ್ಮನಾಭ. "ಆ ಯಮ್ಮ ಎಷ್ಟು ಜೋರು ಮಾಡ್ತಿದ್ರು! ಮೂರೇ ಡೋಸ್‌ಗೆ ಹೆಂಗೆ ತಣ್ಣಗಾದ್ರು ನೋಡಿ. ಒಂದು ಪೊಲೀಸ್ ಇಲ್ಲ, ಒಂದು ಕೂಗಾಟ ಇಲ್ಲ."

ಕೆಳಗೆ ಧ್ವನಿವರ್ಧಕ ಹೇಳಿತು: "ಪುಣೆಗೆ ಹೊರಟಿರುವ ಪ್ರಯಾಣಿಕರಾದ ಫಕೀರವ್ವ ಅವರು ಕೂಡಲೇ ಬಾಗಿಲಿಗೆ ಬರಬೇಕೆಂದು ಕೋರಿಕೆ."

ಶಾಲ್ಮಲಾ ಪರದೆಯನ್ನು ಹಿಂದಕ್ಕೆ ಓಡಿಸಿ ನೋಡುತ್ತಿದ್ದಳು. ನೀಲಿ ಚೀಲ. ಕೆಂಪು ಚೀಲ. ಮಡಿಸಿಟ್ಟ ಟವೆಲ್ಲು. ಅವುಗಳ ನಡುವಿನ ಅಂತರ ಎಷ್ಟು ಒಪ್ಪವಾಗಿತ್ತೆಂದರೆ, ಅವಳಿಗೆ ಥಟ್ಟನೆ ಕಂಡದ್ದು ಚೀಲಗಳಲ್ಲ, ಕೊಡಗಳು. ಕರಿಮಟ್ಟಿಯ ಕೆಳಗೇರಿ. ವಾರಕ್ಕೊಮ್ಮೆ ನೀರು ಬಿಡುತ್ತಿದ್ದ ನಳ. ಮುಂಜಾನೆಯೇ ಎಲ್ಲರ ಮನೆಯ ಕೊಡಗಳೂ ಸಾಲಾಗಿ ನಿಲ್ಲುತ್ತಿದ್ದವು. ಮನುಷ್ಯರು ಹೊಲಕ್ಕೆ, ಶಾಲೆಗೆ, ಅಡಿಗೆಗೆ ಹೋಗುತ್ತಿದ್ದರು. ಕೊಡ ನಿಂತರೆ ಮನುಷ್ಯ ನಿಂತಂತೆ. ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಇಡೀ ಓಣಿಯ ಪಾಳಿ ಹಿಡಿದು ಒಬ್ಬಳು ಕೂರುತ್ತಿದ್ದಳು. ಅನೇಕ ಸಲ ಆ ಒಬ್ಬಳು ಲಂಗ ತೊಟ್ಟ ಶಾಲ್ಮಲಾ. ನೀರು ಬಂದಾಗ ಹೆಂಗಸರೆಲ್ಲ ಓಡಿಬಂದು ತಮ್ಮ ಕೊಡದ ಪಕ್ಕ ತೂರಿಕೊಳ್ಳುತ್ತಿದ್ದರು, ಹೋಗುವಾಗ ಅವಳ ಗಲ್ಲ ಹಿಂಡಿ ಹೋಗುತ್ತಿದ್ದರು.

ಅವಳ ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಅದಕ್ಕೆ ತೋರಿಸಿದ ಯಾವ ಊರಿನ ಚಿತ್ರದಲ್ಲೂ ಚೀಲ ಮನುಷ್ಯನ ಬದಲು ನಿಂತಿರಲಿಲ್ಲ. ಅದಕ್ಕೆ ಕಲಿಸಿದವರಲ್ಲಿ ಗೊತ್ತಿದ್ದವಳು ಅವಳೊಬ್ಬಳು, ಅವಳು ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಅದು ಹೇಳುವಂಥ ಜ್ಞಾನ ಎಂದು ಹೊಳೆದೇ ಇರಲಿಲ್ಲ.

"ಫಕೀರವ್ವ ಅವರಿಗೆ ಇದು ಎರಡನೆಯ ಕರೆ."

ಈಗ ಒಂದು ಮಾತು ಸಾಕಿತ್ತು. ಮೌಲಾಲಿಯ ಮುಂದಿದ್ದ ಫೋನೆತ್ತಿ, ಬಾಗಿಲು ಹಾಕಬೇಡಿ, ಆಕೆಯನ್ನು ಕರೆತನ್ನಿ, ತಪ್ಪು ನಮ್ಮದು ಎಂದರೆ ಮುಗಿಯುತ್ತಿತ್ತು. ಮೌಲಾಲಿ ಅವಳ ಮುಖವನ್ನೇ ನೋಡುತ್ತಿದ್ದ. ಅವನಿಗೂ ತಿಳಿದಿತ್ತು, ಅವನದೂ ಅದೇ ಊರು.

"ಮೇಡಂ..." ಎಂದ.

ಅಷ್ಟರಲ್ಲಿ ಪದ್ಮನಾಭ ಎದ್ದುಬಂದು ಅವಳ ಕೈ ಕುಲುಕಿದರು. ಸಮಿತಿಯ ಉಳಿದವರೂ ಎದ್ದರು. ಒಬ್ಬರು ಫೋಟೊ ತೆಗೆದರು. ಫೋಟೊಗೆ ನಿಂತವರು ನಗಬೇಕು, ಶಾಲ್ಮಲಾ ನಕ್ಕಳು. ಇಷ್ಟು ಜನ ಚಪ್ಪಾಳೆ ತಟ್ಟಿದ ಮೇಲೆ, ಈ ಬೆಚ್ಚಗಿನ ಕೈ ಇನ್ನೂ ತನ್ನ ಕೈಯಲ್ಲಿರುವಾಗ, ಇದು ತಪ್ಪಾಯಿತು ಎಂದು ಹೇಗೆ ಹೇಳುವುದು? ಒಂದು ನಿಮಿಷ ತಡೆದು ಹೇಳೋಣ ಎಂದುಕೊಂಡಳು.

"ಇದು ಕೊನೆಯ ಕರೆ."

ಬಾಗಿಲು ಹಾಕಿದರು. ವಿಮಾನ ಹೊರಳಿತು. ಅಂದಾನೆಪ್ಪನವರು ಖಡಿ ಹಾಕಿದ ರನ್‌ವೇ ಮೇಲೆ ಅದು ಅಂದಾನೆಪ್ಪನವರನ್ನು ಹೊತ್ತು ಓಡಿ, ಎದ್ದು, ಹೋಯಿತು.

ಫಕೀರವ್ವ ಹೊರಬಾಗಿಲ ಹತ್ತಿರದ ಬೆಂಚಿನ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಶಾಲ್ಮಲಾ ಇಳಿದು ಬಂದು ಪಕ್ಕದಲ್ಲಿ ಕೂತಳು.

"ಯಾಕ ಬಿಟ್ಟ ಬಂದ್ರಿ?"

ಯಾರು ಎತ್ತ ಎಂದು ಫಕೀರವ್ವ ಕೇಳಲಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳೆಂದು ಕಾಣುತ್ತದೆ.

"ಯಾವ ಮುಖಾ ಇಟ್ಕೊಂಡ ಹೋಗ್ಲಿ, ಯವ್ವಾ? ಹೋದ ವಾರ ಫೋನ್ ಮಾಡಿದ್ಲು ದಾನವ್ವ. 'ಅಕ್ಕಾ, ಒಮ್ಮೆ ಬಂದು ಹೋಗು, ಯಾಕೋ ನೆನಪಾಗಾಕತ್ತಿ' ಅಂದ್ಲು. ಮಂದಿ ಊಟಕ್ಕ ಕುಂತಿತ್ತು. 'ಈಗ ಮಂದಿ ಐತಿ, ಆಮ್ಯಾಲ ಮಾತಾಡ್ತೇನಿ' ಅಂದು ಇಟ್ಟುಬಿಟ್ಟೆ. ಸಂಜೀಕೂ ಮಾಡಲಿಲ್ಲ. ಮರುದಿನಾನೂ ಮಾಡಲಿಲ್ಲ." ಅವಳು ಕಿವಿ ಉಜ್ಜಿಕೊಂಡಳು. "ಜೀವಂತ ಇದ್ದಾಗ ಬಸ್ಸಿಗೂ ಹೋಗ್ಲಿಲ್ಲ. ಸತ್ತ ಮ್ಯಾಲ ಇಮಾನದಾಗ ಹೊಂಟೇನಿ, ಅದೂ ಮಂದಿಗೆ ಚ್ಯಾಷ್ಟಿ ಮಾಡಿಕೋತ. ಪಾಳ್ಯಾಗ ನಿಂತಾಗ ಒಮ್ಮೆಗೇ ಹೊಳೀತವ್ವಾ. ಕಿವ್ಯಾಗ ಬೆಂಕಿ ಬಿದ್ದಂಗಾತು. ನಾನು ಸೀರಿ ಹೊಚ್ಚಬೇಕಾದಾಕಿ ಅಲ್ಲ ಅನ್ನಿಸ್ತು."

ಇಂಥ ಪ್ರಯಾಣಿಕರಿಗೆ ಕೇಳಲೆಂದು ಶಾಲ್ಮಲಾ ತಾನೇ ತಯಾರಿಸಿದ ಪ್ರಶ್ನೆಗಳಿದ್ದವು. 'ನಿಮ್ಮ ವರ್ತನೆಯಲ್ಲಿ ಆದ ಬದಲಾವಣೆ ನಿಮಗೆ ಸಮಾಧಾನ ತಂದಿದೆಯೇ' ಎಂಬುದು ಅವುಗಳಲ್ಲೊಂದು. ಅವಳು ಎದ್ದು ನಿಂತಳು.

"ಏಳ್ರಿ. ನನ್ನ ಕಾರೈತಿ. ಪುಣೆಕ್ಕ ಹೋಗೂಣು."

"ಮಧ್ಯಾಹ್ನಕ್ಕ ಮಣ್ಣವ್ವಾ. ಕಾರು ಸಂಜೀಗೆ ಮುಟ್ಟತೈತಿ."

"ಫೋನ್ ಮಾಡ್ರಿ. ತಡೀರಿ ಅನ್ರಿ."

"ನಾ ಅನ್ನಂಗಿಲ್ಲ. ನನಗ ಬಾಯಿಲ್ಲ."

ಶಾಲ್ಮಲಾಳೇ ಫೋನು ತೆಗೆದುಕೊಂಡು ದಾನವ್ವನ ಮಗನೊಂದಿಗೆ ಮಾತಾಡಿದಳು. ವಿಮಾನ ತಪ್ಪಿತು, ಸಂಜೆಯವರೆಗೆ ತಡೆಯಿರಿ ಎಂದಳು. ಯಾಕೆ ತಪ್ಪಿತೆಂದು ಅವನು ಕೇಳಿದ. ಅವಳು, "ಸ್ವಲ್ಪ ತಾಂತ್ರಿಕ ತೊಂದರಿ" ಎಂದಳು. ಹೇಳುವಾಗ ತನ್ನ ದನಿಯೇ ಧ್ವನಿವರ್ಧಕದಂತೆ ಕೇಳಿಸಿತು.

ಹುಬ್ಬಳ್ಳಿ ದಾಟಿದ ಮೇಲೆ ವಿರೂಪಾಕ್ಷನ ಫೋನು ಬಂತು. "ಎಲ್ಲಿದ್ದೀ? ಟೀವಿಯೊಳಗ ನಿನ್ನ ಫೋಟೊ ಬಂತು. ಅವ್ವ ಹೋಳಿಗಿ ಮಾಡಾಕತ್ತಾಳ."

"ಪುಣೆಕ್ಕ ಹೊಂಟೇನಿ. ಮಣ್ಣಿಗೆ."

"ಯಾರ ಮಣ್ಣು?"

"ನಮ್ಮ ಊರವರು," ಎಂದಳು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಹಂಗಾರ ಹೂರಣ ತಗದಿಡ್ತೇನಿ. ಮಣ್ಣಿಗೆ ಹೋದೋರ ಮನ್ಯಾಗ ಹೋಳಿಗಿ ಬ್ಯಾಡ."

ಬೆಳಗಾವಿ ಹಿಂದಾಯಿತು. ಫಕೀರವ್ವ ಗಂಟು ಕೆಳಗಿಡಲಿಲ್ಲ, ಕಿಟಕಿಯ ಹೊರಗೂ ನೋಡಲಿಲ್ಲ. ಶಾಲ್ಮಲಾ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಎಲ್ಲವನ್ನೂ ಹೇಳಿದಳು: ದೀಪ, ಶಾಖ, ಚುಕ್ಕೆ, ಚೀಲ. "ಅದು ನಿಮ್ಮ ತಪ್ಪಲ್ರಿ. ನಿಮಗ ಆದ ನಾಚಿಕಿ ನಿಮ್ಮದಲ್ಲ. ನನ್ನ ಯಂತ್ರ ಮಾಡಿದ್ದು."

ಫಕೀರವ್ವ ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಬೈಗುಳಕ್ಕಾಗಿ ಶಾಲ್ಮಲಾ ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು.

"ಆ ಮಫ್ಲರಿನಾವಗ ಯಾಕ ಹತ್ತಲಿಲ್ಲ ನಿಮ್ಮ ದೀಪ?"

"ಕಿವಿ ಮುಚ್ಚಿತ್ತು."

"ಹೂಂ. ಅಂದ್ರ ಕಿವಿ ತಕ್ಕೊಂಡು ಬಂದೋರಿಗಷ್ಟ ಅದು." ಕಿವಿಯ ತುದಿ ಮುಟ್ಟಿ ನೋಡಿಕೊಂಡಳು. ಆಮೇಲೆ, "ಬಿಸಿ ನಿಮ್ಮದಿರಬಹುದವ್ವಾ. ನೆನಪು ನಂದ ಅಲ್ಲೇನು? ನಾ ಫೋನ್ ಇಟ್ಟಿದ್ದು ಖರೇನ ಐತಿ. ಅದನ್ನ ಹೊರಳಿ ಒಯ್ಯಾಕ ಬರ್ತೈತೇನು ನಿಮ್ಮ ಯಂತ್ರಕ್ಕ?"

ಬರುವುದಿಲ್ಲ. ಆ ಕಡೆಗೆ ಯಾರೂ ಯೋಚಿಸಿರಲಿಲ್ಲ.

ಕೊಲ್ಹಾಪುರದ ಹತ್ತಿರ ಪದ್ಮನಾಭ ಅವರ ಫೋನು. ಕಾರಿನ ಸ್ಪೀಕರಿನಲ್ಲಿ ಅವರ ಉತ್ಸಾಹ ಇಡೀ ಕಾರನ್ನು ತುಂಬಿತು.

"ಎಲ್ಲಿ ಹೋಗ್ಬಿಟ್ರಿ ಡಾಕ್ಟರೇ? ನಾಳೆನೇ ಮಂಜೂರಾತಿ. ಒಂದೇ ಒಂದು ವಿಷಯ. ಆ ಹೆಂಗಸು ಫ್ಲೈಟ್ ಬಿಟ್ಟು ಹೋದ್ರಲ್ಲ, ಅದನ್ನ 'ಸ್ವಇಚ್ಛೆಯಿಂದ ಹಿಂದೆ ಸರಿದವರು' ಅಂತ ಯಶಸ್ಸಿನ ಕಡೆಗೇ ಹಾಕ್ಬಿಡೋಣ. ಏನಂತೀರಿ?"

"ಅವರು ನನ್ನ ಪಕ್ಕದಾಗ ಕೂತಾರ, ಸರ್. ಅವರನ್ನ ಕೇಳ್ರಿ."

ಉತ್ತರಕ್ಕೆ ಕಾಯದೆ ಶಾಲ್ಮಲಾ ಮುಂದುವರಿಸಿದಳು.

"ಪಾಳಿ ಕೆಡಿಸಿದವರು ಅವರಲ್ಲ, ಸರ್. ಕಾಯ್ದವರು. ಯಂತ್ರ ಉಲ್ಟಾ ತಿಳ್ಕೊಂತು. ದೀಪ ಆರಸ್ರಿ. ಮಂಜೂರಾತಿ ಬ್ಯಾಡ. ನಾ ಬರದು ಕೊಡ್ತೀನಿ."

"ಏನ್ ಹೇಳ್ತಿದೀರಿ? ನೀವು ಅಲ್ಲೇ ಇದ್ರಲ್ಲ. ಫೋಟೊಗೆ ನಿಂತ್ರಲ್ಲ. ನಿಮಗೆ ಆಗ್ಲೇ ಗೊತ್ತಾಗಿತ್ತಾ?"

"ಗೊತ್ತಾಗಿತ್ರಿ."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ?"

ಶಾಲ್ಮಲಾ ಮುಂದಿನ ಲಾರಿಯ ಹಿಂದೆ ಬರೆದದ್ದನ್ನು ಓದುತ್ತಿರುವಂತೆ ಕಣ್ಣು ಕಿರಿದು ಮಾಡಿದಳು.

"ನಾಚಿಕಿ ಆತು, ಸರ್."

ನಾಚಿಕೆ ಮನುಷ್ಯರನ್ನು ಸರಿದಾರಿಗೆ ತರುತ್ತದೆ ಎಂದು ಅವಳ ಪ್ರಬಂಧದ ಮೊದಲ ಸಾಲಿನಲ್ಲೇ ಇತ್ತು. ಪದ್ಮನಾಭ ಅದನ್ನು ಓದಿದ್ದರೋ ಇಲ್ಲವೋ, ಆಮೇಲೆ ಮಾತಾಡೋಣ ಎಂದು ಫೋನಿಟ್ಟರು. ಫಕೀರವ್ವ ಮೊದಲ ಬಾರಿಗೆ ಅವಳ ಕಡೆ ಹೊರಳಿ ನೋಡಿದಳು. ಗಂಟಿನಿಂದ ಬಾಳೆಹಣ್ಣೊಂದನ್ನು ತೆಗೆದು ಸುಲಿದು ಅವಳ ಕೈಗೆ ಕೊಟ್ಟಳು. "ತಿನ್ನು. ಮುಂಜಾನಿಂದ ಬಾಯಿಗೆ ಏನೂ ಹಾಕಿಲ್ಲ ನೀ."

ಪುಣೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಇಕ್ಕಟ್ಟಾದ ಗಲ್ಲಿ, ಅಂಗಳದಲ್ಲಿ ಶಾಮಿಯಾನ. ಇಳಿಯುವ ಮೊದಲು ಫಕೀರವ್ವ ಒಂದು ಕ್ಷಣ ಕಾರಿನಲ್ಲೇ ಕೂತಳು.

"ಮಂದಿ ಹೋಗಿರ್ತಾರ," ಎಂದಳು. "ಯಾರು ಕುಂದ್ರತಾರ ಇಷ್ಟೊತ್ತು?"

ಮಂದಿ ಹೋಗಿರಲಿಲ್ಲ. ದಾನವ್ವನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು, ಮೈಮೇಲೆ ಮನೆಯದೇ ಒಂದು ಮಾಸಿದ ಸೀರೆ. ಭಜನೆಯವರ ದನಿ ಬಿದ್ದುಹೋಗಿತ್ತು, ತಾಳ ಮಾತ್ರ ನಡೆದಿತ್ತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಒಬ್ಬರ ಮೊಣಕಾಲು ಒಬ್ಬರಿಗೆ ತಾಗಿಸಿ ಕೂತಿದ್ದರು. ಆದರೆ ದಾನವ್ವನ ಬಲಗಡೆ, ಕೈಗೆ ಕೈ ತಾಗುವಷ್ಟು ಹತ್ತಿರದಲ್ಲಿ, ಒಬ್ಬರು ಕೂರುವಷ್ಟು ನೆಲ ಖಾಲಿಯಿತ್ತು. ಅದರ ಮೇಲೆ ಒಂದು ಟವೆಲ್ಲು ಮಡಿಸಿಟ್ಟಿತ್ತು.

ಯಾರೋ ಹೊಸಬರು ಅತ್ತ ಸರಿಯಲು ಹೋದರು. ಬಾಗಿಲ ಹತ್ತಿರದ ಮುದುಕಿ ಕೂತಲ್ಲಿಂದಲೇ ಗದರಿದಳು: "ಅಲ್ಲಿ ಬ್ಯಾಡವ್ವಾ. ಅದು ಫಕೀರಕ್ಕನ ಜಾಗಾ. ಮುಂಜಾನಿಂದ ಹಿಡದೇವಿ."

ಫಕೀರವ್ವ ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ಯಾರೂ ಏನೂ ಕೇಳಲಿಲ್ಲ, ಯಾಕೆ ತಡ ಎನ್ನಲಿಲ್ಲ. ಗಂಟು ಬಿಚ್ಚಿದಳು. ಹಸಿರು ಇಳಕಲ್ ಸೀರೆ, ಮಡಿಕೆ ಮುರಿಯದ್ದು. ಅದನ್ನು ತಂಗಿಯ ಹೆಗಲಿಂದ ಕಾಲಿನವರೆಗೆ ಹೊದಿಸಿ, ಅಂಚು ಸರಿಪಡಿಸಿ, ಕಿವಿಯ ಹತ್ತಿರ ಬಾಗಿ, "ಊಟದ ಮಂದಿ ಎದ್ದುಹೋತವ್ವಾ. ಈಗ ಹೇಳು," ಎಂದಳು. ಆಮೇಲೆ ಅವಳ ದನಿ ಒಡೆಯಿತು. ಅದರ ಜೊತೆಗೆ ಪಡಸಾಲೆಯದೂ.

ಶಾಲ್ಮಲಾ ಹೊಸ್ತಿಲಾಚೆ, ಕಳಚಿಟ್ಟ ಚಪ್ಪಲಿಗಳ ನಡುವೆ ನಿಂತಿದ್ದಳು. ಅವಳ ಕಿವಿ ಬಿಸಿಯಾಯಿತು. ಮೊದಲು ತುದಿ, ಆಮೇಲೆ ಕೆನ್ನೆ, ಆಮೇಲೆ ಕುತ್ತಿಗೆ. ರೂಢಿಯಂತೆ ಕತ್ತೆತ್ತಿ ಚಾವಣಿಯನ್ನು ನೋಡಿದಳು. ಅಲ್ಲಿ ಒಂದು ಹಳೆಯ ಫ್ಯಾನು ಕಿರುಗುಟ್ಟುತ್ತ ತಿರುಗುತ್ತಿತ್ತು, ಬೇರೇನೂ ಇರಲಿಲ್ಲ.

ಒಳಗೆ ಫಕೀರವ್ವ ಅಳುತ್ತಲೇ, ಹಿಂದಿರುಗಿ ನೋಡದೆ, ಆ ಟವೆಲ್ಲನ್ನು ತನ್ನ ಪಕ್ಕಕ್ಕೆ ಸರಿಸಿದಳು. ಪಕ್ಕದವಳನ್ನು ಮೊಣಕೈಯಿಂದ ಒಂದಿಷ್ಟು ಆಚೆ ತಳ್ಳಿ, ಖಾಲಿಯಾದ ನೆಲದ ಮೇಲೆ ಅದನ್ನು ಹಾಸಿ, ಬೇರೆ ಯಾರೂ ಕೂರದಂತೆ ಅದರ ಮೇಲೆ ಕೈಯಿಟ್ಟುಕೊಂಡಳು.